ಓಡುವ ಗಾಡಿಯಲ್ಲಿ ಬೆಂದ ಗಂಜಿ

ಕಳೆದ ತಿಂಗಳು ನಮ್ಮ ಕಚೇರಿಯ ಗೆಳತಿಯೊಬ್ಬಳು ಹುಟ್ಟುಹಬ್ಬದ ಊಟಕ್ಕೆಂದು ನಮ್ಮನ್ನೆಲ್ಲ ಒಂದು ಹೊಸ ಹೋಟೆಲಿಗೆ ಕರೆದುಕೊಂಡು ಹೋದಳು. ಓಡುವ ವಯಸ್ಸು ಮುಗಿದ ರೈಲುಡಬ್ಬಿಯೊಂದನ್ನು ತುಂಡು ಹಳಿಯ ಮೇಲೆ ನಿಲ್ಲಿಸಿ, ಹೊರಗೆ ಬಣ್ಣ ಬಳಿದು, ಒಳಗೆ ಮೇಜು ಕುರ್ಚಿ ಹಾಕಿ ಮಾಡಿದ ಹೋಟೆಲು. ಕಿಟಕಿಗಳಿಗೆ ಪರದೆ, ಮೇಜಿನ ಮೇಲೆ ಬಿಳಿ ಬಟ್ಟೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಡಬ್ಬಿಯ ತುದಿಯಲ್ಲಿ ಅಡುಗೆಮನೆ ಇತ್ತು. ಅದರ ಬಾಗಿಲು ತೆರೆದಾಗ ಬೇಯುವ ಅನ್ನದ ಹಬೆ ಹೊರಗೆ ಬಂತು. ಅದರ ಜೊತೆಗೆ ಹಳೆಯ ಕಬ್ಬಿಣದ, ಮಳೆಗೆ ನೆನೆದ ಮರದ ಹಲಗೆಯ ವಾಸನೆ. ತಲೆನೋವು ಎಂದು ಹೇಳಿ ಎದ್ದು ಬಂದು, ಹೊರಗೆ ಕೊಡೆ ಬಿಡಿಸಿ ಬಹಳ ಹೊತ್ತು ನಿಂತೆ. ಅಪ್ಪನ ಗಂಟಲು ಕಟ್ಟಿದ ವರ್ಷದ ಮಳೆಗಾಲ ಆ ಹಬೆಯೊಳಗಿನಿಂದ ಎದ್ದು ಬಂದಿತ್ತು.

ನನ್ನ ಅಪ್ಪ ರೈಲಿನಲ್ಲಿ ಅಡುಗೆ ಮಾಡುತ್ತಿದ್ದವರು. ಕುಂಬಳೆಯ ಹತ್ತಿರದ ನಮ್ಮೂರಿನಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಹೊರಟು, ಮದರಾಸಿನ ಕಡೆಗೆ ಹೋಗುವ ಗಾಡಿಯ ಡೈನಿಂಗ್ ಕಾರಿನಲ್ಲಿ ಪಾತ್ರೆ ತೊಳೆಯಲು ಸೇರಿದರು. ಆಮೇಲೆ ಬಡಿಸುವವರಾದರು, ಆಮೇಲೆ ಒಲೆಯ ಮುಂದೆ ನಿಂತರು. ನಿವೃತ್ತಿಯಾಗುವವರೆಗೂ ಗಾಡಿ ಬದಲಾಯಿತು, ಊರು ಬದಲಾಯಿತು, ಒಲೆ ಬದಲಾಯಿತು, ಆದರೆ ಅವರು ಅಡುಗೆಡಬ್ಬಿಯಿಂದ ಕೆಳಗೆ ಇಳಿಯಲಿಲ್ಲ. ನಾವು ಮಕ್ಕಳಿದ್ದಾಗ ತಿಂಗಳಿಗೆ ನಾಲ್ಕೈದು ದಿನ ಮನೆಯಲ್ಲಿ ಸಿಕ್ಕಿದರೆ ಅದೇ ಹೆಚ್ಚು. ಅಮ್ಮ ತೀರಿಕೊಂಡ ಮೇಲೆ ಕೊಚ್ಚಿಯ ಪಕ್ಕದ ಕಳಮಶ್ಶೇರಿಯ ನಮ್ಮ ಫ್ಲ್ಯಾಟಿಗೆ ಬಂದು ಇದ್ದರು. ನಾನು ಎರ್ನಾಕುಲಂನಲ್ಲಿ ಸರಕಾರಿ ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವಳು. ನನ್ನ ಗಂಡನಿಗೆ ಏಲೂರಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನಾವಿಬ್ಬರೂ ಹೊರಟ ಮೇಲೆ ಮನೆಯ ಅಡುಗೆಕೋಣೆ ಅಪ್ಪನದಾಗುತ್ತಿತ್ತು. ನನ್ನ ಮಗಳು ಅನಘಾ ಶಾಲೆಯಿಂದ ಬಂದಾಗ ಅಜ್ಜ ಏನಾದರೊಂದು ಬಿಸಿ ಮಾಡಿ ಇಡುತ್ತಿದ್ದರು. ಅವರು ಕನ್ನಡದಲ್ಲಿ ಮಾತಾಡುವುದು, ಅವಳು ಮಲಯಾಳದಲ್ಲಿ ಉತ್ತರ ಕೊಡುವುದು, ಮಧ್ಯದಲ್ಲಿ ನೀರುದೋಸೆ. ಅವರಿಬ್ಬರ ಸಂಸಾರ ಸುಖವಾಗಿಯೇ ನಡೆದಿತ್ತು.

ಆ ದೋಸೆಯ ಹೊತ್ತಿನಲ್ಲಿ ಅಪ್ಪ ಮೊಮ್ಮಗಳಿಗೆ ಹೇಳುತ್ತಿದ್ದದ್ದೆಲ್ಲ ಹಳೆಯ ಡೈನಿಂಗ್ ಕಾರಿನ ಕತೆ. ಅವರು ಸೇರಿದ ಕಾಲದಲ್ಲಿ ಡಬ್ಬಿಯ ಅರ್ಧ ಅಡುಗೆಮನೆ, ಅರ್ಧ ಊಟದ ಕೋಣೆ. ಕಲ್ಲಿದ್ದಲ ಒಲೆ. ಒಲೆಯ ಮೇಲೆ ಸುತ್ತಲೂ ಕಬ್ಬಿಣದ ಅಡ್ಡಕಂಬಿ, ಗಾಡಿ ತಿರುಗುವಾಗ ಪಾತ್ರೆ ಜಾರಬಾರದು ಅಂತ. ಮೇಜುಗಳ ಮೇಲೆ ಒಗೆದ ಬಿಳಿ ಬಟ್ಟೆ, ಪಿಂಗಾಣಿ ಬಟ್ಟಲು. ಆಗ ಎಷ್ಟೋ ಗಾಡಿಗಳಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇರಲಿಲ್ಲ. ಊಟ ಬೇಕಾದವರು ಒಂದು ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ನಡೆದು ಬಂದು ಡೈನಿಂಗ್ ಕಾರು ಹತ್ತಬೇಕು. ಉಂಡು, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ತಮ್ಮ ಡಬ್ಬಿಗೆ ಹೋಗಬೇಕು. ಹೊಸದಾಗಿ ಮದುವೆಯಾದ ಒಂದು ಜೋಡಿಯ ಕತೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹುಡುಗಿ ಹೆಂಗಸರ ಡಬ್ಬಿಯಲ್ಲಿ, ಹುಡುಗ ಗಂಡಸರ ಜೊತೆ. ಇಬ್ಬರೂ ಭೇಟಿಯಾಗುವುದಕ್ಕೆ ಇದ್ದ ಜಾಗವೇ ಡೈನಿಂಗ್ ಕಾರು. ಒಂದೊಂದು ಕಾಫಿ ತೆಗೆದುಕೊಂಡು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕೂತೇ ಇದ್ದರಂತೆ. ಎದುರು ಬರಿ ಬಟ್ಟಲು ಇದ್ದರೆ ಅವರಿಗೆ ನಾಚಿಕೆಯಾದೀತೆಂದು ಅಪ್ಪ ಕೇಳದೆಯೇ ಕಾಫಿ ತುಂಬಿಸುತ್ತಿದ್ದರಂತೆ.

ಆಮೇಲೆ ಡಬ್ಬಿಗಳ ನಡುವೆ ದಾರಿ ಬಂತು. ಕಲ್ಲಿದ್ದಲು ಹೋಗಿ ಗ್ಯಾಸು ಬಂತು. ಊಟದ ಮೇಜುಗಳು ಕಡಿಮೆಯಾಗಿ, ನಿಂತುಕೊಂಡೇ ತಿನ್ನುವ ಬಫೆ ಕಟ್ಟೆ ಬಂತು. ಕೊನೆಗೆ ಅದೂ ಹೋಗಿ, ಇಡೀ ಡಬ್ಬಿಯೇ ಅಡುಗೆಮನೆಯಾಗಿ, ಹೆಸರು ಪ್ಯಾಂಟ್ರಿ ಎಂದಾಯಿತು. "ಮೊದಲು ಜನ ಊಟ ಇದ್ದಲ್ಲಿಗೆ ಬರ್ತಿದ್ರು. ಆಮೇಲೆ ಊಟವೇ ಜನ ಇದ್ದಲ್ಲಿಗೆ ಹೋಯ್ತು. ಮತ್ತೆ ನಮಗೆ ಉಣ್ಣುವವರ ಮುಖ ಕಾಣ್ಲಿಕ್ಕೆ ಸಿಗ್ಲಿಲ್ಲ" ಎಂದು ಅಪ್ಪ ಹೇಳುತ್ತಿದ್ದರು. ಅದು ದೂರಲ್ಲ. ಮಳೆ ಬಂತು ಎಂದು ಹೇಳುವ ಹಾಗೆ ಹೇಳುತ್ತಿದ್ದರು.

ಆ ವರ್ಷ ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ ಅಪ್ಪ ಉಣ್ಣುತ್ತಾ ಕೈ ನಿಲ್ಲಿಸಿದರು. ನೀರು ಕುಡಿದರು. ಮತ್ತೊಂದು ತುತ್ತು ತೆಗೆದುಕೊಂಡರು. ಅದನ್ನೂ ನೀರಿನಿಂದ ಇಳಿಸಿದರು. "ಅನ್ನ ಇಲ್ಲಿ ನಿಲ್ತದೆ" ಎಂದು ಎದೆಯ ಮೇಲೆ ಬೆರಳಿಟ್ಟು ತೋರಿಸಿದರು. ಗ್ಯಾಸಿನ ತೊಂದರೆ ಎಂದು ಗುಳಿಗೆ ತಂದುಕೊಟ್ಟೆ. ಆಮೇಲೆ ಚಪಾತಿ ನಿಲ್ಲತೊಡಗಿತು, ಆಮೇಲೆ ದೋಸೆ. ಕೊಚ್ಚಿಯ ಡಾಕ್ಟರು ಗಂಟಲಿನೊಳಗೆ ನಳಿಕೆ ಇಳಿಸಿ ನೋಡಿ, ನನ್ನನ್ನು ಮಾತ್ರ ಒಳಗೆ ಕರೆದರು. ಅನ್ನನಾಳದಲ್ಲಿ ಗಡ್ಡೆ. ಅಪ್ಪನ ವಯಸ್ಸಿಗೆ, ಅವರ ಶ್ವಾಸಕೋಶದ ಸ್ಥಿತಿಗೆ ಆಪರೇಷನ್ ಆಗುವುದಿಲ್ಲ. ವಿಕಿರಣ ಕೊಡಿಸಿ ನೋಡಬಹುದು. ತಿರುವನಂತಪುರದಲ್ಲಿ ಬೇಗ ಸರದಿ ಸಿಗುತ್ತದೆ ಎಂದು ಅಲ್ಲಿಗೆ ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪ ನನ್ನ ಮುಖ ನೋಡಿದರು. "ತಿರುವನಂತಪುರಕ್ಕೆ ಹೋಗ್ಲಿಕ್ಕುಂಟು ಅಪ್ಪ" ಎಂದೆ.

"ಗಾಡಿಯಲ್ಲಾ?"

"ಹೌದು, ಗಾಡಿಯಲ್ಲೇ."

"ಹಾಗಾದ್ರೆ ಅಡ್ಡಿಯಿಲ್ಲ" ಎಂದರು. ಕಾಯಿಲೆಯ ಹೆಸರು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಎದುರಿನ ಗೋಡೆಯ ಮೇಲೆ, ವಿಭಾಗದ ಹೆಸರಿನಲ್ಲಿ, ಅದು ದೊಡ್ಡದಾಗಿ ಬರೆದೇ ಇತ್ತು.

ಸೋಮವಾರ ಬೆಳಿಗ್ಗೆ ಹೋಗುವುದು, ಶುಕ್ರವಾರ ಸಂಜೆ ಬರುವುದು. ನಡುವಿನ ದಿನಗಳಲ್ಲಿ ಅಲ್ಲಿಯ ಸ್ಟೇಷನ್ನಿನ ಹತ್ತಿರ, ತಂಪಾನೂರಿನ ಒಂದು ಲಾಡ್ಜಿನಲ್ಲಿ ವಾಸ. ನಾನು ರಜೆ ಹಾಕಿದೆ. ಸೋಮವಾರಕ್ಕೆ ಸಿಕ್ಕಿದ್ದು ವಾರಕ್ಕೊಂದೇ ಸಲ ಉತ್ತರದ ಕಡೆಯಿಂದ ಬರುವ ದೂರದ ಗಾಡಿ. ಹಳೆಯ ನೀಲಿ ಡಬ್ಬಿಗಳು, ಕಿಟಕಿಗೆ ತುಕ್ಕು, ಎರಡು ದಿನ ಓಡಿ ಬಂದ ದಣಿವು ಅದರ ಮೈಮೇಲೆಲ್ಲ ಕಾಣುತ್ತಿತ್ತು. ಎರ್ನಾಕುಲಂ ನಾರ್ತ್ ಸ್ಟೇಷನ್ನಿನಲ್ಲಿ ಹತ್ತಿ ಕೂತು, ಗಾಡಿ ಹೊರಟು ಸ್ವಲ್ಪ ಹೊತ್ತಾಗಿತ್ತು. ಅಪ್ಪ ತಲೆ ಎತ್ತಿ ಗಾಳಿಯನ್ನು ಮೂಸಿದರು.

"ಇದರಲ್ಲಿ ಪ್ಯಾಂಟ್ರಿ ಉಂಟು" ಎಂದರು. "ಅನ್ನಕ್ಕೆ ಇಟ್ಟಿದ್ದಾರೆ."

"ಇರ್ಲಿ ಅಪ್ಪ. ನೀವು ಮಲಗಿ."

ನಾನು ಆಸ್ಪತ್ರೆಯ ಕಾಗದಗಳನ್ನು ಚೀಲದಲ್ಲಿ ಸರಿಮಾಡಿ ತಲೆ ಎತ್ತುವಾಗ ಅಪ್ಪ ಇರಲಿಲ್ಲ. ಗಾಬರಿಯಾಗಿ ಡಬ್ಬಿ ಡಬ್ಬಿ ದಾಟಿಕೊಂಡು ಹೋದೆ. ಪ್ಯಾಂಟ್ರಿಯ ಬಾಗಿಲಲ್ಲಿ ಎರಡೂ ಕೈಯಿಂದ ಕಂಬಿ ಹಿಡಿದು ನಿಂತಿದ್ದರು. ಒಳಗೆ ಹಬೆ, ಬೆವರು, ದೊಡ್ಡ ಪಾತ್ರೆಗಳ ಸದ್ದು. ಮ್ಯಾನೇಜರು ಮಲಯಾಳಿ, ಸಿಡುಕಿನ ಮನುಷ್ಯ. "ಮಾವಾ, ಪ್ರಯಾಣಿಕರು ಇಲ್ಲಿ ಒಳಗೆ ಬರುವ ಹಾಗಿಲ್ಲ. ಸೀಟಿಗೆ ತಂದು ಕೊಡುತ್ತೇವೆ, ಹೋಗಿ" ಎಂದು ಮಲಯಾಳದಲ್ಲಿ ಗದರುತ್ತಿದ್ದರು. ಅಪ್ಪ ಅವರನ್ನು ನೋಡುತ್ತಲೇ ಇರಲಿಲ್ಲ. ಒಲೆಯ ಮುಂದೆ ನಿಂತಿದ್ದ ಗಟ್ಟಿ ಮೈಯ ಅಡುಗೆಯವನ ಜೊತೆ ತಮ್ಮ ಹಳೆಯ ರೈಲು ಹಿಂದಿಯಲ್ಲಿ ಮಾತು ಶುರು ಮಾಡಿದ್ದರು.

"ನಾನೂ ಇದೇ ಕೆಲಸದವನು."

"ಯಾವ ಗಾಡಿ ಚಾಚಾ?"

ಅಪ್ಪ ಗಾಡಿಗಳ ಹೆಸರು ಹೇಳುತ್ತಾ ಹೋದರು. ಅದರಲ್ಲಿ ಕೆಲವು ಈಗ ಓಡುವುದೇ ಇಲ್ಲ. ಅಡುಗೆಯವನು ನಕ್ಕು, ಸೌಟನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಅಂಗಿಗೆ ಒರೆಸಿ ಮುಂದೆ ಚಾಚಿದ. ಅವನ ಹೆಸರು ಪ್ರಮೋದ್. ಒಡಿಶಾದವನು. ಅಪ್ಪನ ಮೊಣಕೈಯ ಮೇಲಿನ ಸುಟ್ಟ ಕಲೆಗಳನ್ನು ನೋಡಿ ಅವನು ತನ್ನ ಮೊಣಕೈ ತೋರಿಸಿದ. ಅಲ್ಲೂ ಅದೇ ಥರದ ಕಲೆಗಳು. ಮ್ಯಾನೇಜರು ಏನೋ ಗೊಣಗಿ ತಮ್ಮ ಮೂಲೆಗೆ ಹೋದರು.

ನಾನು ಮಧ್ಯೆ ಹೋಗಿ, "ಅವರಿಗೆ ಗಂಟಲಿನ ತೊಂದರೆ. ಆಸ್ಪತ್ರೆಗೆ ಹೋಗುತ್ತಿದ್ದೇವೆ. ಗಟ್ಟಿ ಏನೂ ಇಳಿಯುವುದಿಲ್ಲ" ಎಂದು ನನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದೆ. ಪ್ರಮೋದ್ ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದ. ಬೇಯುತ್ತಿದ್ದ ಅನ್ನದ ಪಾತ್ರೆಯಿಂದ ತಿಳಿ ಬಗ್ಗಿಸಿ, ಎರಡು ಸೌಟು ಬೆಂದ ಅನ್ನವನ್ನು ಅದಕ್ಕೆ ಹಾಕಿ ಹಿಸುಕಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಉಪ್ಪು ಬೆರೆಸಿ ಸ್ಟೀಲ್ ಲೋಟದಲ್ಲಿ ಕೊಟ್ಟ. "ನಮ್ಮ ಊರಲ್ಲೂ ಅನ್ನ ತಿನ್ನುವುದು ನೀರಲ್ಲೇ ಚಾಚಾ" ಎಂದ. ಅಪ್ಪ ಬಾಗಿಲಲ್ಲಿ ನಿಂತುಕೊಂಡೇ, ಗಾಡಿಯ ಕುಲುಕಿಗೆ ಒಂದು ಹನಿ ಚೆಲ್ಲದೆ, ಇಡೀ ಲೋಟ ಕುಡಿದರು.

ಮನೆಯಲ್ಲಿ ನಾನು ಮಾಡಿದ ಗಂಜಿಯನ್ನು ಎರಡು ಗುಟುಕಿಗೆ ಕೆಳಗಿಡುತ್ತಿದ್ದವರು ಅವರು. ನನಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆ ಸಂಜೆ ಲಾಡ್ಜಿನಲ್ಲಿ ಕೇಳಿಯೂ ಬಿಟ್ಟೆ. "ನನ್ನ ಗಂಜಿಗೆ ಎಂತ ಕಮ್ಮಿ ಅಪ್ಪ?"

"ಕಮ್ಮಿ ಎಂತದೂ ಇಲ್ಲ ಮಗಳೇ" ಎಂದರು. ಚಪ್ಪಲಿ ಕಳಚಿಡುತ್ತಾ, "ಅಲ್ಲಿ ನಿಂತ್ರೆ ಗಂಟಲಿಗೆ ಕಾಯಿಲೆ ಮರೆತು ಹೋಗ್ತದೆ" ಎಂದರು.

ಅಲ್ಲಿಂದ ನಮ್ಮ ಸೋಮವಾರಗಳಿಗೆ ಒಂದು ಕ್ರಮ ಬಂತು. ನಾನು ಮನೆಯಿಂದ ಕುಚ್ಚಲಕ್ಕಿಯ ನುಚ್ಚು ಕಟ್ಟಿಕೊಂಡು ಹೋಗುತ್ತಿದ್ದೆ. ಪ್ರಮೋದ್ ಅದನ್ನು ಮೂಲೆಯ ಒಲೆಯಲ್ಲಿ ಬೇರೆಯೇ ಇಟ್ಟು ಬೇಯಿಸುತ್ತಿದ್ದ. ಅಪ್ಪ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮ್ಯಾನೇಜರು ಎರಡನೆಯ ಸಲವೇ ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಹಾಕಿ, "ಯಾರಾದರೂ ಸಾಹೇಬರು ಬಂದರೆ ಎದ್ದು ಹೋಗಬೇಕು" ಎಂದು ತಾಕೀತು ಮಾಡಿದರು. ಅಪ್ಪ ತಮ್ಮ ಕಾಲದ ಬಿಳಿ ಮೇಜುಬಟ್ಟೆಯ ಕತೆ ಹೇಳುವರು. ಈರುಳ್ಳಿ ಹೆಚ್ಚುವವರು, ತಟ್ಟೆ ಜೋಡಿಸುವವರು ಕೆಲಸ ಮಾಡುತ್ತಲೇ ಕೇಳುವರು. ಕಾಫಿ ಕುಡಿಯುತ್ತಾ ಸ್ಟೇಷನ್ನು ದಾಟಿಸಿದ ಮದುಮಕ್ಕಳ ಕತೆಗೆ ಪ್ರಮೋದ್ ಎಷ್ಟು ನಕ್ಕನೆಂದರೆ, ಮುಂದಿನ ವಾರ ಅದನ್ನು ಮತ್ತೆ ಹೇಳಿಸಿದ. ಅಪ್ಪನಿಗೆ ಮಾತಾಡಲು ಕಷ್ಟವಾಗತೊಡಗಿತ್ತು, ಆದರೂ ಹೇಳಿದರು.

ಉಳಿದ ದಿನಗಳ ವಿಷಯ ಬೇರೆ. ಲಾಡ್ಜಿನ ಕೋಣೆಯ ಕಿಟಕಿ ಸ್ಟೇಷನ್ನಿನ ಕಡೆಗಿತ್ತು. ಮಳೆಯ ಸದ್ದಿನೊಳಗೆ ಗಾಡಿಗಳ ಹೆಸರು ಕೂಗುವುದು ಕೇಳುತ್ತಿತ್ತು. ಬಟ್ಟೆ ಒಣಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪನ ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆಗಳನ್ನು ಎಳೆದಿದ್ದರು. ಅಳಿಸಿ ಹೋಗಬಾರದು, ಅಲ್ಲಿಗೆ ನೀರು ತಾಗಿಸಬಾರದು. ಕಾಯುವ ಕೋಣೆಯಲ್ಲಿ ನಮ್ಮ ಹಾಗೆಯೇ ನೂರಾರು ಜನ. ಹೆಸರು ಕರೆದಾಗ ಅಪ್ಪ ಒಬ್ಬರೇ ದಪ್ಪ ಬಾಗಿಲಿನೊಳಗೆ ಹೋಗುವರು. ಬಾಗಿಲು ಮುಚ್ಚುವುದು. ಕೆಂಪು ದೀಪ ಹತ್ತುವುದು. ನಾನು ಹೊರಗೆ. ಕಚೇರಿಯಲ್ಲಿ ಎಷ್ಟೋ ಜನರಿಗೆ ಮುಂದೆ ಏನು ಮಾಡಬೇಕು, ಎಲ್ಲಿಗೆ ಅರ್ಜಿ ಹಾಕಬೇಕು ಎಂದು ಹೇಳಿದವಳು ನಾನು. ಆ ದೀಪದ ಕೆಳಗೆ ಮಾಡಲಿಕ್ಕೆ ನನಗೆ ಏನೂ ಇರಲಿಲ್ಲ.

ದಿನ ಹೋದ ಹಾಗೆ ಗಂಟಲಿನೊಳಗೆ ಸುಟ್ಟು ಹುಣ್ಣಾಯಿತು. ಅದು ಆಗುವುದೇ, ಆಮೇಲೆ ಮಾಯುತ್ತದೆ ಎಂದು ನರ್ಸ್ ಹೇಳಿದರು. ಲಾಡ್ಜಿನ ಕೋಣೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ, ನೀರು ಕಾಯಿಸುವ ಕೆಟ್ಲು ಮಾತ್ರ. ಹಾಲು ತಂದೆ, ಎಳನೀರು ತಂದೆ, ರಾಗಿ ಹುಡಿ ಕಲಸಿದೆ, ಮೆಡಿಕಲ್ ಶಾಪಿನಿಂದ ಡಬ್ಬದ ಹುಡಿ ತಂದು ಕಲಸಿದೆ. ಅಪ್ಪ ಪ್ರತಿಯೊಂದನ್ನೂ ತುಟಿಗೆ ತಾಗಿಸಿ, ಕಣ್ಣು ಮುಚ್ಚಿ ಒಂದು ಗುಟುಕು ಇಳಿಸಿ, ನನ್ನ ಸಮಾಧಾನಕ್ಕೆಂದು ಇನ್ನೊಂದನ್ನು ಇಳಿಸಿ, ಕೈ ಅಡ್ಡ ಹಿಡಿಯುತ್ತಿದ್ದರು. ಶುಕ್ರವಾರ ಮನೆಗೆ ಬಂದಾಗ ಅನಘಾ ಬಾಗಿಲಲ್ಲೇ ಕೇಳುತ್ತಿದ್ದಳು, "ಅಜ್ಜನ್ ಕಳಿಚ್ಚೋ?" ಅಜ್ಜ ಉಂಡರಾ ಎಂದು. "ಸೋಮವಾರ ಉಂಡಿದ್ದಾರೆ" ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ವಾರಕ್ಕೆ ಒಂದು ಊಟದ ದಿನವಿತ್ತು. ಅದು ಸೋಮವಾರ.

ಆ ಸೋಮವಾರಗಳಲ್ಲೂ ಲೋಟ ಕಿರಿದಾಯಿತು. ಪ್ರಮೋದ್ ಗಂಜಿಯನ್ನು ತೆಳು ಮಾಡಿದ, ಮತ್ತೂ ತೆಳು ಮಾಡಿದ, ಬಟ್ಟೆಯಲ್ಲಿ ಸೋಸಿದ. ಆರಿಸಿ ಕೊಟ್ಟ. ಒಂದು ಸಲ ಅಪ್ಪ ಅರ್ಧ ಕುಡಿದು ನಿಲ್ಲಿಸಿದಾಗ ಅವನು ಒಲೆ ಸಣ್ಣ ಮಾಡಿ, ಸ್ಟೂಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, "ನಿಧಾನ ಚಾಚಾ. ಕೊಲ್ಲಂ ಬರಲು ಇನ್ನೂ ಹೊತ್ತಿದೆ" ಎಂದ. ಅಪ್ಪ ಮತ್ತೆ ಲೋಟ ಎತ್ತಿಕೊಂಡರು. ಗಾಡಿ ಕೊಲ್ಲಂ ದಾಟಿ ಎಷ್ಟೋ ಹೊತ್ತಾದ ಮೇಲೆ ಲೋಟ ಬರಿದಾಯಿತು.

ಅದಾದ ಮುಂದಿನ ಸೋಮವಾರ. ಆಟಿ ತಿಂಗಳ, ಎಂದರೆ ಆಷಾಢದ ಮಳೆ, ಪ್ಲಾಟ್‌ಫಾರ್ಮಿನ ತಗಡಿನ ಮೇಲೆ ಯಾರೋ ಜಲ್ಲಿ ಸುರಿಯುತ್ತಿದ್ದ ಹಾಗೆ ಹೊಯ್ಯುತ್ತಿತ್ತು. ಗಾಡಿ ಬಂತು. ಅದೇ ಹೆಸರು, ಅದೇ ನಂಬರು. ಡಬ್ಬಿಗಳು ಮಾತ್ರ ಕೆಂಪು, ಹೊಚ್ಚ ಹೊಸವು. ಹತ್ತಿದವರೆಲ್ಲ ಸೀಟು ಮುಟ್ಟಿ ನೋಡಿ ಸಂತೋಷಪಡುತ್ತಿದ್ದರು. ಗಾಡಿ ಹೊರಟಿತು. ಅಪ್ಪ ತಲೆ ಎತ್ತಿದರು. ಮತ್ತೊಮ್ಮೆ ಎತ್ತಿದರು. ಎದ್ದು ನಡೆಯತೊಡಗಿದರು.

ನಾನು ನುಚ್ಚಿನ ಪೊಟ್ಟಣ ಹಿಡಿದು ಹಿಂದೆ ಹೋದೆ. ಅಷ್ಟು ಹೊತ್ತಿಗೆ ಅಪ್ಪನ ಅಂಗಿ ಗೂಟಕ್ಕೆ ತೂಗುಹಾಕಿದ ಹಾಗೆ ಜೋತಾಡುತ್ತಿತ್ತು. ಒಂದೊಂದು ಡಬ್ಬಿಯ ಕೊನೆಯಲ್ಲಿ ನಿಂತು ಉಸಿರು ತೆಗೆದುಕೊಳ್ಳುವರು. ಗಾಜಿನ ಬಾಗಿಲು ತಳ್ಳಲು ಅವರಿಗೆ ಬಲ ಸಾಲದೆ ನಾನು ತಳ್ಳುತ್ತಿದ್ದೆ. ಪ್ಯಾಂಟ್ರಿ ಇರಬೇಕಾದ ಜಾಗದಲ್ಲಿ ಇನ್ನೊಂದು ಮಲಗುವ ಡಬ್ಬಿ ಇತ್ತು. ಜನ ಹೊದ್ದು ಮಲಗಿದ್ದರು. ಅಪ್ಪ ಅದನ್ನೂ ದಾಟಿದರು. ಮುಂದೆ ಇರಬಹುದು ಎಂದರು. ಕೊನೆಗೆ ಬೀಗ ಹಾಕಿದ ಒಂದು ಕಬ್ಬಿಣದ ಬಾಗಿಲು ಬಂತು. ಅದರಾಚೆ ಯಂತ್ರದ ಗಡಗಡ ಮಾತ್ರ. ಅಪ್ಪ ಬಾಗಿಲಿಗೆ ಅಂಗೈ ಒತ್ತಿ ನಿಂತರು.

ಟಿಕೆಟ್ ನೋಡುವವರು ಬಂದರು. "ಸಾರೇ, ಪ್ಯಾಂಟ್ರಿ ಎಲ್ಲಿ?" ಎಂದು ಕೇಳಿದೆ.

"ಪ್ಯಾಂಟ್ರಿ ಇಲ್ಲ ಚೇಚ್ಚಿ. ಹೊಸ ಡಬ್ಬಿ ಬಂತಲ್ಲ, ತೆಗೆದರು. ಆ ಜಾಗದಲ್ಲಿ ಜನರಿಗೆ ಬರ್ತ್ ಹೆಚ್ಚು ಸಿಕ್ಕಿತು. ಊಟ ಬೇಕಾದರೆ ಫೋನಿನಲ್ಲಿ ಆರ್ಡರ್ ಮಾಡಿ, ಮುಂದಿನ ಸ್ಟೇಷನ್ನಿನಲ್ಲಿ ತಂದು ಕೊಡುತ್ತಾರೆ."

"ಅದರಲ್ಲಿ ಇದ್ದವರು?"

"ಅವರು ಕಾಂಟ್ರಾಕ್ಟಿನವರಲ್ಲವೇ" ಎಂದರು. ಅಷ್ಟೇ ಅವರಿಗೂ ಗೊತ್ತಿದ್ದದ್ದು. ಅವರು ಒಳ್ಳೆಯವರೇ. ಅಪ್ಪನನ್ನು ಹತ್ತಿರದ ಸೀಟಿನಲ್ಲಿ ಕೂರಿಸಿದರು.

ನಾನು ಫೋನು ತೆಗೆದೆ. ಬಿರಿಯಾಣಿ ಇತ್ತು, ಪರೋಟ ಇತ್ತು, ನೂಡಲ್ಸ್ ಇತ್ತು. ಗಂಜಿ ಇರಲಿಲ್ಲ. ಕೊಲ್ಲಂನ ಒಂದು ಹೋಟೆಲಿನ ನಂಬರು ಸಿಕ್ಕಿ ಮಾತಾಡಿದೆ. "ಕಂಜಿ ಸಂಜೆಗೆ ಮಾತ್ರ ಚೇಚ್ಚಿ" ಎಂದರು. ಸ್ವಲ್ಪ ಅನ್ನದ ತಿಳಿಯಾದರೂ ಕೊಡುತ್ತೀರಾ, ರೋಗಿಗೆ, ಎಂದು ಬೇಡಿದೆ. ಅವರಿಗೆ ಪಾಪ ಎನಿಸಿರಬೇಕು. ಆದರೆ ಅದನ್ನು ಹೇಗೆ ಕಟ್ಟಿ ಕಳಿಸುವುದು, ಯಾರ ಕೈಯಲ್ಲಿ ಕಳಿಸುವುದು ಎಂದು ಅವರು ಹೇಳುತ್ತಿರುವಾಗಲೇ ಲೈನು ಹೋಯಿತು. ಮತ್ತೆ ಸಿಗಲಿಲ್ಲ. ಚಹಾದವನು ಬಂದಾಗ ಹಾಲು ಕೇಳಿ ಕೊಡಿಸಿದೆ. ಸಕ್ಕರೆ ಬೆರೆತ ಕುದಿಹಾಲು. ಆರಿಸಿ ಕೊಟ್ಟರೂ ಅಪ್ಪ ಹೆಗಲ ಮೇಲಿನ ಬೈರಾಸಿನಲ್ಲಿ ಬಾಯಿ ಒತ್ತಿಕೊಂಡು ತಲೆ ಅಲ್ಲಾಡಿಸಿದರು. ನುಚ್ಚಿನ ಪೊಟ್ಟಣ ನನ್ನ ಮಡಿಲಲ್ಲೇ ಇತ್ತು. ಅಕ್ಕಿ ಇದೆ, ನೀರಿನ ಬಾಟಲಿ ಇದೆ, ಇಷ್ಟುದ್ದದ ಗಾಡಿ, ಅದರೊಳಗೆ ಒಂದು ಒಲೆಯಿಲ್ಲ.

"ಪ್ರಮೋದ್‌ನ ಮನೆಯಲ್ಲಿ ಎಷ್ಟು ಜನವೋ" ಎಂದರು ಅಪ್ಪ.

ಅವನ ಫೋನ್ ನಂಬರು ನಮ್ಮಲ್ಲಿರಲಿಲ್ಲ. ಪ್ರತಿ ಸೋಮವಾರ ಸಿಗುವವನ ನಂಬರು ಯಾರು ಕೇಳುತ್ತಾರೆ? ಆ ವಾರ ನಾನು ಸ್ಟೇಷನ್ನಿಗೆ ಹೋಗಿ, ಪ್ಯಾಂಟ್ರಿ ಇರುವ ಬೇರೆ ಗಾಡಿಗಳು ನಿಂತಾಗ ಕಿಟಕಿಯ ಹತ್ತಿರ ನಿಂತು ಕೇಳಿದೆ. ಒಡಿಶಾದ ಪ್ರಮೋದ್ ಎಂದರೆ ಒಬ್ಬರು ನಕ್ಕರು, "ಯಾವ ಪ್ರಮೋದ್ ಮೇಡಂ? ಇಲ್ಲೇ ಇಬ್ಬರಿದ್ದಾರೆ" ಎಂದರು. ಇಬ್ಬರೂ ಬಂದು ಮುಖ ತೋರಿಸಿದರು. ಅವನಲ್ಲ. ಆ ಗಾಡಿಗೆ ಪ್ಯಾಂಟ್ರಿ ಮತ್ತೆ ಹಾಕಬೇಕೆಂದು ನಾನು ಒಂದು ಮನವಿಯನ್ನೂ ಬರೆದೆ. ಮನವಿ ಬರೆಯುವುದು ನನ್ನ ಕಸುಬು. ಎಷ್ಟು ಚೆನ್ನಾಗಿ ಬರೆದರೂ, ಅದು ಓದುವವರ ಮೇಜಿಗೆ ತಲುಪುವುದರೊಳಗೆ ಅಪ್ಪನ ಸೋಮವಾರಗಳು ಮುಗಿದಿರುತ್ತವೆ ಎಂದು ಬರೆಯುವಾಗಲೇ ಗೊತ್ತಿತ್ತು.

ಆ ವಾರವೇ ಅಪ್ಪನಿಗೆ ಉಗುಳೂ ಇಳಿಯದಾಯಿತು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ಪ್ಯಾಂಟ್ರಿ ಇದ್ದಿದ್ದರೂ ಹಾಗೆಯೇ ಆಗುತ್ತಿತ್ತು, ಅದು ಕಾಯಿಲೆಯ ದಾರಿ ಎಂದು ಡಾಕ್ಟರು ಹೇಳಿದರು. ನಾನು ಅದನ್ನು ನಂಬುತ್ತೇನೆ. ನಂಬಿದರೂ ಆ ಬೀಗದ ಬಾಗಿಲ ಮೇಲೆ ಒತ್ತಿದ ಅಂಗೈ ಕಣ್ಣಿಂದ ಹೋಗುವುದಿಲ್ಲ. ನರ್ಸ್ ನನಗೆ ಸಿರಿಂಜಿನಲ್ಲಿ ಗಂಜಿ ತುಂಬಿ ನಳಿಕೆಗೆ ಬಿಡುವುದನ್ನು ಕಲಿಸಿದರು. ಮೊದಲ ಸಲ ಬಿಡುವಾಗ ಅಪ್ಪ ನಳಿಕೆಯೊಳಗೆ ಇಳಿಯುವ ಬಿಳಿ ಗೆರೆಯನ್ನೇ ನೋಡುತ್ತಿದ್ದರು. "ನಾಲಗೆಗೆ ಸುದ್ದಿಯೇ ಇಲ್ಲ" ಎಂದರು. ನಕ್ಕರೋ ಏನೋ. ನಳಿಕೆ ಇದ್ದುದರಿಂದ ತಿಳಿಯಲಿಲ್ಲ.

ವಿಕಿರಣದ ಸರದಿ ಮುಗಿಯಿತು. ಡಾಕ್ಟರು ಮತ್ತೆ ನನ್ನನ್ನು ಮಾತ್ರ ಕರೆದು ಕೂರಿಸಿ, ಗಡ್ಡೆ ಕರಗಿಲ್ಲ, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅಪ್ಪ ಓಣಂ ಬರುವುದಕ್ಕೆ ಮುಂಚೆ ಹೋದರು, ಕಳಮಶ್ಶೇರಿಯ ಮನೆಯಲ್ಲಿ, ನಾವೆಲ್ಲ ಇರುವಾಗ. ನೋವಿಗೆ ಔಷಧಿ ಇತ್ತು, ಬಹಳ ಒದ್ದಾಡಲಿಲ್ಲ. ಆ ದಿನಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ನನಗೆ ಅಪ್ಪ ಹೋದದ್ದು ಎಂದರೆ ಕಣ್ಣ ಮುಂದೆ ಬರುವುದು ಅದಲ್ಲ. ನಾವು ತಿರುವನಂತಪುರ ಬಿಟ್ಟು ಮನೆಗೆ ಬಂದ ಆ ಶುಕ್ರವಾರ.

ಹಗಲಿನ ಗಾಡಿ, ಕೂತು ಹೋಗುವ ಸೀಟುಗಳು, ಎದುರಿನ ಸೀಟಿನ ಬೆನ್ನಿಗೆ ಮಡಚುವ ಪುಟ್ಟ ಮೇಜು. ಅಪ್ಪ ದಾರಿಯ ಬದಿಯ ಸೀಟಿನಲ್ಲಿ, ನಾನು ಕಿಟಕಿಯ ಬದಿಯಲ್ಲಿ. ಬೆಳಿಗ್ಗೆಯಿಂದ ಆಸ್ಪತ್ರೆಯ ಕಾಗದಗಳಿಗೆ ಓಡಾಡಿ ನಾನು ನೀರೂ ಕುಡಿದಿರಲಿಲ್ಲ. ವರ್ಕಲ ದಾಟಿದ ಮೇಲೆ ಊಟದ ಪೊಟ್ಟಣ ಮಾರುವವರು ಬಂದರು. ನಾನು ಬೇಡ ಎಂದೆ. ಮೂಗಿಗೆ ನಳಿಕೆ ಹಾಕಿಕೊಂಡವರ ಪಕ್ಕ ಕೂತು ಉಣ್ಣುವುದು ಹೇಗೆ? ಅಪ್ಪ ಕೈ ಎತ್ತಿ ಅವರನ್ನು ನಿಲ್ಲಿಸಿದರು. ಒಂದು ಪೊಟ್ಟಣ ತೆಗೆದುಕೊಂಡರು.

"ಅಪ್ಪ, ನನಗೆ ಹಸಿವಿಲ್ಲ."

"ಉಂಟು" ಎಂದರು. ಅಷ್ಟು ಹೊತ್ತಿಗೆ ಅವರ ಸ್ವರ ಒಣ ಎಲೆಯ ಹಾಗೆ ಆಗಿತ್ತು.

ಆಮೇಲೆ ಅವರು ಎದ್ದರು. ಮುಂದಿನ ಸೀಟಿನ ಬೆನ್ನು ಹಿಡಿದು, ದಾರಿಯಲ್ಲಿ ನಿಂತರು. ನಾನು ಹಿಡಿಯಲು ಕೈ ಚಾಚಿದರೆ ಕಣ್ಣಿನಿಂದಲೇ ಬೇಡ ಎಂದರು. ನನ್ನ ಎದುರಿನ ಮೇಜು ಬಿಚ್ಚಿ, ಬೈರಾಸಿನಿಂದ ಒರೆಸಿದರು. ಕೈಚೀಲದಿಂದ ಒಗೆದ ಬಿಳಿ ಕರವಸ್ತ್ರವೊಂದನ್ನು ತೆಗೆದು, ಮಡಿಕೆ ಬಿಡಿಸಿ, ಅದರ ಮೇಲೆ ಹಾಸಿದರು. ಪೊಟ್ಟಣ ಬಿಚ್ಚಿ ಅನ್ನವನ್ನು ನನ್ನ ಕಡೆಗೆ, ಪಲ್ಯವನ್ನು ಆಚೆಗೆ ಮಾಡಿ ಇಟ್ಟರು. ಸಾಂಬಾರಿನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಎತ್ತಿ, ಅನ್ನದ ಮೇಲೆ ಸುರಿದರು. ಗಾಡಿ ಆಗ ಒಂದು ತಿರುವಿನಲ್ಲಿ ವಾಲುತ್ತಿತ್ತು. ಒಂದು ಹನಿ ಕರವಸ್ತ್ರಕ್ಕೆ ಬೀಳಲಿಲ್ಲ.

ನಾನು ಅಪ್ಪನ ಡೈನಿಂಗ್ ಕಾರಿನಲ್ಲಿ ಒಮ್ಮೆಯೂ ಉಂಡವಳಲ್ಲ. ಅವರು ಊರೂರಿನ ಜನರಿಗೆ ಬಡಿಸುತ್ತಾ ಹೋಗುವಾಗ ನಾವು ಕುಂಬಳೆಯ ಮನೆಯಲ್ಲಿ ಅಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದೆವು.

"ಉಣ್ಣು ಮಗಳೇ" ಎಂದರು.

ಅನ್ನ ತಣ್ಣಗಾಗಿತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಒಂದೊಂದೇ ತುತ್ತು ನುಂಗಿದೆ. ಹಿಂದಿನಿಂದ ಚಹಾದ ಕ್ಯಾನು ಹಿಡಿದುಕೊಂಡು ಒಬ್ಬರು ಬಂದರು. ದಾರಿಗೆ ಅಡ್ಡ ನಿಂತ ಅಪ್ಪನನ್ನು, ಅವರ ಮೂಗಿನ ನಳಿಕೆಯನ್ನು, ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ನೋಡಿ, ಸರಿಯಿರಿ ಎನ್ನದೆ ಹಾಗೆಯೇ ನಿಂತರು. ಹೊರಗೆ ಮಳೆ ಹಿಡಿದಿತ್ತು. ನಾನು ಕೊನೆಯ ಅಗುಳು ಉಣ್ಣುವವರೆಗೂ ಅಪ್ಪ ಕೂರಲಿಲ್ಲ. ಕೂತುಕೊಳ್ಳಿ ಎಂದು ನಾನೂ ಹೇಳಲಿಲ್ಲ.